ಹಿಂಬದಿಯ ಬಿಳಿ ಗೆರೆ

ಇನ್ವರ್ನೆಸ್ ಆಸ್ಪತ್ರೆಯ ನರ್ಸ್ ಬಲಗಣ್ಣಿನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದಾಗ ಎಫಿ ಗೆಡ್ಡಿಸ್‌ಗೆ ಮೊದಲು ಕಂಡದ್ದು ನರ್ಸಿನ ಮುಖವಲ್ಲ, ಅವಳ ಕಾಲರಿನ ಹೊಲಿಗೆ. ಒಂದೊಂದು ಹೊಲಿಗೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಯಂತ್ರದ ಹೊಲಿಗೆ, ಎಡಗಡೆ ದಾರ ಸಡಿಲವಾಗಿದೆ, ಇನ್ನೆರಡು ಸಲ ಒಗೆದರೆ ಬಿಚ್ಚಿಕೊಳ್ಳುತ್ತದೆ. ಎಫಿ ಅದನ್ನು ಹೇಳಿಯೂ ಬಿಟ್ಟಳು. ನರ್ಸ್ ನಕ್ಕು, ಗೋಡೆಯ ಮೇಲಿನ ಅಕ್ಷರ ಓದಿಸುವ ಅಗತ್ಯವೇ ಇಲ್ಲವೆಂದು ಡಾಕ್ಟರಿಗೆ ಹೇಳಿದಳು. ಆದರೂ ಡಾಕ್ಟರು ಓದಿಸಿದರು. ಎಫಿ ಕೊನೆಯ ಸಾಲಿನವರೆಗೂ ಓದಿದಳು.

ಹೊರಗೆ ಬೆಂಚಿನ ಮೇಲೆ ಅವಳ ಗಂಡ ವಾಟಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಮೂವತ್ತು ವರ್ಷ ರೈಲ್ವೆ ಸಿಗ್ನಲ್ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಾಯುವುದು ಅವನಿಗೆ ಅಭ್ಯಾಸ.

"ಏನು, ಕಾಣ್ತಾ?" ಎಂದು ಕೇಳಿದ.

"ಕಾಣ್ತು. ನಿನ್ನ ಮುಖಕ್ಕೆ ಇಷ್ಟೊಂದು ಸುಕ್ಕು ಯಾವಾಗ ಬಂತು?"

"ನೀನು ನೋಡ್ದೆ ಇರೋವಾಗ."

ಎಫಿ ಅವನ ತೋಳು ಹಿಡಿದು ಮೆಟ್ಟಿಲಿಳಿದಳು. ಹಿಡಿಯುವ ಅಗತ್ಯವಿರಲಿಲ್ಲ, ಮೆಟ್ಟಿಲು ಸ್ಪಷ್ಟವಾಗಿಯೇ ಕಾಣುತ್ತಿದ್ದವು. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರವೊಂದು ಇಳಿದುಹೋಗಿತ್ತು. ಅವಳು ಕಿಲ್ಟನ್ನು, ಗಂಡಸರೂ ಸೊಂಟಕ್ಕೆ ಉಡುವ ಮೊಣಕಾಲುದ್ದದ ನೆರಿಗೆಯ ಉಡುಪನ್ನು, ಕೈಯಲ್ಲಿ ಹೊಲಿಯುವವಳು. ಹತ್ತೊಂಬತ್ತನೇ ವಯಸ್ಸಿನಿಂದ ಅದೇ ಕೆಲಸ. ಮನೆಯಲ್ಲಿ ಹೊಲಿಗೆ ಯಂತ್ರ ಇತ್ತು, ಕಿಟಕಿಯ ಪರದೆಗೆ ಮಾತ್ರ. ಕಣ್ಣು ಹೋದರೆ ಉಳಿಯುವುದು ಆ ಪರದೆಯೇ ಎಂದು ರಾತ್ರಿಯೆಲ್ಲ ನೆನೆದು ಹೆದರಿದ್ದಳು. ಈಗ ಒಂದು ಕಣ್ಣು ಬಂದಿತ್ತು, ಇನ್ನೊಂದರ ಪೊರೆ ತೆಗೆಯಲು ಅಕ್ಟೋಬರಿನಲ್ಲಿ ದಿನ ಸಿಕ್ಕಿತ್ತು. ರೈಲಿನಲ್ಲಿ ಅವಳು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ, ಕುರಿಗಳ ಬೆನ್ನಿಗೆ ಹಚ್ಚಿದ ಬಣ್ಣದ ಗುರುತು ಯಾವ ಫಾರ್ಮಿನವರದೆಂದು ಒಂದೊಂದಾಗಿ ಹೇಳುತ್ತ ಬಂದಳು. ಎರಡನ್ನು ತಪ್ಪು ಹೇಳಿದಳು. ವಾಟಿ ತಿದ್ದಲಿಲ್ಲ.

ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ ಮುಂದಿನ ಕೋಣೆಗೆ ಹೋದಳು. ಕಿಟಕಿಯ ಪಕ್ಕದ ದೊಡ್ಡ ಮೇಜಿನ ಮೇಲೆ, ಬುಟ್ಟಿಯಲ್ಲಿ, ಗಾಳಿಚೀಲದ ಬ್ಯಾಗ್‌ಪೈಪ್ ನುಡಿಸುವ ಊರ ಪೈಪ್ ಬ್ಯಾಂಡಿಗೆಂದು ಚಳಿಗಾಲದಲ್ಲಿ ಹೊಲಿದ ನಾಲ್ಕು ಕಿಲ್ಟುಗಳ ತುಂಡುಬಟ್ಟೆ ಉಳಿದಿತ್ತು. ಹಸಿರು, ಕಡುನೀಲಿ, ಕಪ್ಪಿನ ಚೌಕಳಿ. ಒಂದು ಹಸಿರು ಪಟ್ಟಿಯ ನಡುವೆ ತೆಳುವಾದ ಬಿಳಿ ಗೆರೆ, ಅದರ ಮುಂದಿನ ಹಸಿರಿನ ನಡುವೆ ಅಷ್ಟೇ ತೆಳುವಾದ ಹಳದಿ ಗೆರೆ. ಹೀಗೆ ಬಟ್ಟೆಯುದ್ದಕ್ಕೂ ಒಂದು ಬಿಟ್ಟು ಒಂದು.

ಬಿಳಿ ಹಾಲಿನಂತಿತ್ತು. ಹಳದಿ ಹಳದಿಯಾಗಿಯೇ ಇತ್ತು. ಎಫಿಗೆ ಖುಷಿಯಾಯಿತು. ಇನ್ನೂ ಪೊರೆ ಇರುವ ಎಡಗಣ್ಣಿಗೆ ಹೇಗೆ ಕಾಣುತ್ತದೋ ಎಂಬ ಕುತೂಹಲಕ್ಕೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು.

ಎರಡೂ ಗೆರೆ ಒಂದೇ ಬಣ್ಣದವಾದವು. ಬೆಣ್ಣೆಯ ಬಣ್ಣ.

ಕೈ ತೆಗೆದಳು. ಬಿಳಿ, ಹಳದಿ. ಮತ್ತೆ ಮುಚ್ಚಿದಳು. ಬೆಣ್ಣೆ, ಬೆಣ್ಣೆ. ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿದಳು, ದೀಪದ ಕೆಳಗೆ ಹಿಡಿದು ನೋಡಿದಳು. ದೀಪದಡಿಯಲ್ಲಿ ಇನ್ನೂ ಕಡೆ. ಆ ನಾಲ್ಕು ಕಿಲ್ಟುಗಳ ಗುರುತು ಹಾಕಿದ್ದು ಡಿಸೆಂಬರ್, ಜನವರಿಯಲ್ಲಿ, ಮಧ್ಯಾಹ್ನವೇ ಕತ್ತಲಾಗುವ ದಿನಗಳಲ್ಲಿ, ಈ ದೀಪದ ಕೆಳಗೆ. ಆಗ ಎರಡು ಕಣ್ಣಿಗೂ ಪೊರೆ ಇತ್ತು. ಗೆರೆ ಬಿಳಿಯದೆಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ಬಿಳಿಯಾಗಿಯೇ ಕಂಡಿತ್ತು.

ಎಫಿ ಕುರ್ಚಿಯ ಮೇಲೆ ಕೂತಳು.

ಕಿಲ್ಟಿನಲ್ಲಿ ಎಂಟು ಗಜ ಬಟ್ಟೆ ಇರುತ್ತದೆ. ಮುಂಭಾಗ ಚಪ್ಪಟೆ, ಉಳಿದದ್ದೆಲ್ಲ ಹಿಂದೆ ನೆರಿಗೆಯಾಗಿ ಹೋಗುತ್ತದೆ. ಬ್ಯಾಂಡಿನ ಕಿಲ್ಟಾದರೆ ಪ್ರತಿ ನೆರಿಗೆಯ ನಟ್ಟನಡುವೆ ಒಂದೇ ಬಣ್ಣದ ಗೆರೆ ನಿಲ್ಲಬೇಕು. ಎಲ್ಲವನ್ನೂ ತೀರ್ಮಾನಿಸುವುದು ಮೊದಲ ಗುಂಡುಸೂಜಿ. ಅದು ಯಾವ ಗೆರೆಗೆ ಬಿತ್ತೋ, ಮುಂದಿನ ನೆರಿಗೆಗಳೆಲ್ಲ ಅದೇ ಬಣ್ಣವನ್ನು ಹಿಡಿದು ಸಾಲಾಗಿ ಬರುತ್ತವೆ. ಮೊದಲನೆಯದು ತಪ್ಪಿದರೆ ಪೂರ್ತಿ ಕಿಲ್ಟೇ ತಪ್ಪು. ಆದರೆ ಆ ತಪ್ಪು ಎಷ್ಟು ಅಚ್ಚುಕಟ್ಟಾಗಿರುತ್ತದೆಂದರೆ, ಹೊಲಿಯುವ ಕೈಗೆ ಅದರ ಸುಳಿವೂ ಸಿಗುವುದಿಲ್ಲ.

ಬೇರೆ ಊರಾಗಿದ್ದರೆ ನಾಲ್ಕು ಜನ ನಕ್ಕು ಸುಮ್ಮನಾಗುತ್ತಿದ್ದರು. ಎಫಿಯ ಊರಾದ ಡನ್‌ಕ್ರೇಗ್‌ನಲ್ಲಿ ಅದು ಹಾಗಲ್ಲ. ನದಿಯ ಈ ದಡದಲ್ಲಿ ಡನ್‌ಕ್ರೇಗ್, ಆ ದಡದಲ್ಲಿ ಇನ್ಶ್‌ಮೋರ್. ಹಿಂದೆ ಎರಡಕ್ಕೂ ಒಬ್ಬನೇ ಜಮೀನ್ದಾರ ಇದ್ದುದರಿಂದ ಎರಡು ಬ್ಯಾಂಡುಗಳಿಗೂ ಒಂದೇ ಚೌಕಳಿ. ಡನ್‌ಕ್ರೇಗ್‌ನವರು ನೆರಿಗೆಯನ್ನು ಬಿಳಿ ಗೆರೆಗೆ ಹಿಡಿಯುತ್ತಾರೆ, ಇನ್ಶ್‌ಮೋರ್‌ನವರು ಹಳದಿಗೆ. ಮುಂದಿನಿಂದ ನೋಡಿದರೆ ಯಾರು ಯಾರೆಂದು ಹೇಳಲಾಗದು, ಹಿಂದಿನಿಂದಲೇ ಹೇಳಬೇಕು. ಸ್ಪರ್ಧೆಯಲ್ಲಿ ಪೈಪ್ ಬ್ಯಾಂಡು ನುಡಿಸುವುದಾದರೂ ಹೇಗೆ? ಒಳಮುಖವಾಗಿ ವೃತ್ತದಲ್ಲಿ ನಿಂತು. ಜನರಿಗೆ ಕಾಣುವುದು ಬರೀ ಬೆನ್ನು, ಬೆನ್ನ ಕೆಳಗಿನ ನೆರಿಗೆ. ಆ ಬಿಳಿಯ ಸಾಲಿನಲ್ಲಿ ಒಬ್ಬನ ಹಿಂದೆ ಹಳದಿ ಕಂಡರೆ ಇನ್ಶ್‌ಮೋರ್‌ನವರು ಮೊಮ್ಮಕ್ಕಳ ಕಾಲದವರೆಗೂ ಬಿಡುವುದಿಲ್ಲ. ಹೊಲಿದವಳ ಹೆಸರನ್ನು ಸೇರಿಸಿಯೇ ಹೇಳುತ್ತಾರೆ.

ಬ್ಯಾಂಡುಗಳ ಸ್ಪರ್ಧೆಯೂ ನಡೆಯುವ ಹೈಲೆಂಡ್ ಆಟಗಳು ಮರುದಿನವೇ ಇದ್ದವು. ಇಷ್ಟು ದಿನ ಯಾರೂ ನೋಡಿರಲಿಲ್ಲವೇ? ನೋಡಿರಲಿಲ್ಲ, ಮತ್ತು ಅದಕ್ಕೂ ಎಫಿಯೇ ಕಾರಣ. ಅವಳು ನೆರಿಗೆಗಳನ್ನು ಇಸ್ತ್ರಿ ಮಾಡಿ, ಕದಲದಂತೆ ಕಚ್ಚಾ ಹೊಲಿಗೆ ಹಾಕಿ, ಕಂದು ಕಾಗದದಲ್ಲಿ ಕಟ್ಟಿ ಕೊಡುತ್ತಾಳೆ. ಉಡುವ ದಿನ ಬೆಳಿಗ್ಗೆವರೆಗೆ ಬಿಚ್ಚಕೂಡದು. ಮೊದಲೇ ಬಿಚ್ಚಿ ನೇತುಹಾಕಿದ ಒಬ್ಬನಿಗೆ ಅವಳು ಮುಂದೆ ಕಿಲ್ಟನ್ನೇ ಹೊಲಿದುಕೊಡಲಿಲ್ಲ. ಬ್ಯಾಂಡಿನ ಮುಖ್ಯಸ್ಥ ಫಾರ್ಕರ್ ಬೇನ್‌ಗೆ ಅದು ಚೆನ್ನಾಗಿ ಗೊತ್ತು. ಏಪ್ರಿಲ್‌ನಲ್ಲಿ ನಾಲ್ಕು ಕಟ್ಟುಗಳನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿದ್ದ.

ಅವಳು ಫಾರ್ಕರನ ಮನೆಗೆ ಫೋನ್ ಮಾಡಿದಳು. ಅವನ ಹೆಂಡತಿ ಎತ್ತಿ, ಅವನು ಬ್ಯಾಂಡಿನ ಪೆಟ್ಟಿಗೆಗಳನ್ನೆಲ್ಲ ಮೈದಾನದ ಡೇರೆಗೆ ಸಾಗಿಸಿ ಅಲ್ಲೇ ಕಾವಲಿಗೆ ಮಲಗುತ್ತಾನೆಂದೂ, ಬ್ಯಾಗ್‌ಪೈಪ್ ಮೇಲಿರುವ ಪ್ರೀತಿ ತನ್ನ ಮೇಲಿಲ್ಲವೆಂದೂ ಹೇಳಿ, ಕಣ್ಣು ಹೇಗಿದೆ ಎಂದು ಕೇಳಿದಳು. ತುಂಬ ಚೆನ್ನಾಗಿದೆ ಎಂದಳು ಎಫಿ. ಅದು ನಿಜವೇ ಆಗಿತ್ತು, ತೊಂದರೆಯೂ ಅಲ್ಲೇ ಇತ್ತು.

ವಾಟಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹಿಂದಿನ ವರ್ಷ ಸೆಪ್ಟೆಂಬರಿನಲ್ಲೇ ಅವನು, ಕಣ್ಣು ತೋರಿಸಿಕೋ, ನೀನು ಉಪ್ಪೋ ಸಕ್ಕರೆಯೋ ಅಂತ ನಾಲಿಗೆಗೆ ಹಚ್ಚಿ ನೋಡ್ತಿದ್ದೀಯ ಎಂದಿದ್ದ. ಅವಳು ಅವನ ಮೇಲೆ ಹರಿಹಾಯ್ದು, ಬ್ಯಾಂಡಿನ ಕೆಲಸ ಮುಗಿಯುವವರೆಗೆ ಆ ಮಾತೆತ್ತಬೇಡ ಎಂದಿದ್ದಳು. ಆಮೇಲೆ ಡಾಕ್ಟರ ಹತ್ತಿರ ಹೋಗಲು ಒಪ್ಪಿದಳು, ಆದರೆ ಸರದಿ ಸಿಕ್ಕಿದ್ದು ಈ ಬೇಸಿಗೆಯಲ್ಲಿ. ಈಗ ನೀನು ಹೇಳಿದ್ದೇ ಸರಿ ಎಂದು ಅವನೆದುರು ಒಪ್ಪುವುದಕ್ಕಿಂತ ಮೈದಾನದ ನಡುವೆ ಅವಮಾನ ಆಗುವುದೇ ಮೇಲೆನಿಸಿತು. ಅವನು ಬಾರ್ಲಿ ಸಾರು ಬಿಸಿ ಮಾಡಿ ತಂದಿಟ್ಟ. ಯಾಕೆ ಸುಮ್ಮನಿದ್ದೀ ಎಂದದ್ದಕ್ಕೆ ಕಣ್ಣು ಚುಚ್ಚುತ್ತಿದೆ ಎಂದಳು. ಅವನು ದೀಪ ಸಣ್ಣ ಮಾಡಿದ.

ಮಲಗಿದ ಮೇಲೆ ನಾಲ್ಕು ಕಿಲ್ಟುಗಳನ್ನೂ ಒಂದೊಂದಾಗಿ ನೆನಪಿಗೆ ತಂದುಕೊಂಡಳು. ಪ್ರತಿಯೊಂದರದೂ ಒಂದೇ ಕ್ರಮ: ಸಂಜೆ ಚಹಾ ಆದ ಮೇಲೆ ಅಳತೆ ಹಾಕಿ, ಮೊದಲ ನೆರಿಗೆಯ ಗೆರೆಗೆ ಸೀಮೆಸುಣ್ಣದಲ್ಲಿ ಎರಡು ಅಡ್ಡಗೀಟಿನ ಸಣ್ಣ ಕತ್ತರಿ ಗುರುತು, ಅದರ ಮೇಲೆ ಗುಂಡುಸೂಜಿ. ಬೆಳಿಗ್ಗೆ ಅಂಗಡಿಗೆ ಹೋಗಿ ಹಾಲು, ಪತ್ರಿಕೆ ತಂದು, ಹಗಲ ಬೆಳಕಿನಲ್ಲಿ ಆ ಗುಂಡುಸೂಜಿಯನ್ನು ಬೆರಳಿನಿಂದ ತಡವಿ ನೆರಿಗೆ ಹಿಡಿಯಲು ಶುರು. ಯಾವುದರಲ್ಲೂ ಎಡವಟ್ಟಾದ ನೆನಪಿಲ್ಲ, ಮೂರನೆಯದೊಂದನ್ನು ಬಿಟ್ಟು. ಅದರಲ್ಲಿ, ಮುಂಭಾಗ ಮುಗಿದು ನೆರಿಗೆ ಶುರುವಾಗುವ ಮೊದಲು ಒಳಗೆ ಅಡಗುವ ಆಳವಾದ ಮಡಿಕೆ, ಹಾಕಿದ ಲೆಕ್ಕಕ್ಕಿಂತ ಮೂರು ಅಂಗುಲದಷ್ಟು ಹೆಚ್ಚಿಗೆ ಬಂದಿತ್ತು. ಟೇಪು ತಪ್ಪಾಗಿ ಹಿಡಿದೆನೆಂದು ತನ್ನನ್ನೇ ಬೈದುಕೊಂಡು ಸರಿತೂಗಿಸಿದ್ದಳು.

ಆಟದ ಮೈದಾನದಲ್ಲಿ ಮೋಡವಿತ್ತು, ಮಳೆ ಇರಲಿಲ್ಲ. ಒಂದು ಕಡೆ ಮರದ ದಿಮ್ಮಿ ಎತ್ತಿ ಎಸೆಯುತ್ತಿದ್ದರು, ಇನ್ನೊಂದು ಕಡೆ ಹಲಗೆಯ ಮೇಲೆ ಹುಡುಗಿಯರ ಕುಣಿತ. ಎಫಿ ಕಪ್ಪು ಕನ್ನಡಕ ಹಾಕಿಕೊಂಡು ಹಗ್ಗದ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ವಾಟಿ. ಅವನ ಆಚೆ ಬಂದು ಕೂತವಳು ಡೊಲಿನಾ, ಪಕ್ಕದ ಮನೆಯವಳು. ಹುಟ್ಟಿದ್ದು ಇನ್ಶ್‌ಮೋರ್‌ನಲ್ಲಿ, ಮದುವೆಯಾಗಿ ಈ ದಡಕ್ಕೆ ಬಂದು ಮೂವತ್ತೈದು ವರ್ಷವಾದರೂ ಅವಳ ಮನಸ್ಸು ನದಿ ದಾಟಿರಲಿಲ್ಲ.

ಮೊದಲು ಇನ್ಶ್‌ಮೋರ್‌ನವರು ನುಡಿಸಿದರು. ಹಳದಿ ಗೆರೆಗಳು ಚೆನ್ನಾಗಿಯೇ ಕುಣಿದವು. ಡೊಲಿನಾ ಜೋರಾಗಿ ಚಪ್ಪಾಳೆ ತಟ್ಟಿ, ಚೀಲದಿಂದ ಸಕ್ಕರೆ ಮಿಠಾಯಿ ತೆಗೆದು ಇಬ್ಬರಿಗೂ ಕೊಟ್ಟಳು.

"ನಿಮ್ಮೋರು ನಾಲ್ಕು ಹೊಸ ಕಿಲ್ಟ್ ತಂದಿದಾರಂತೆ," ಎಂದಳು. "ಒಬ್ಬನಿಗಾದ್ರೂ ಬುದ್ಧಿ ಬಂದು ಹಳದಿಗೆ ತಿರುಗಿರ್ತಾನಾ ನೋಡೋಣ."

ಎಫಿಯ ಬಾಯಲ್ಲಿ ಮಿಠಾಯಿ ಹಾಗೆಯೇ ನಿಂತಿತು. ವಾಟಿ ಹೇಳಿದ, "ಡೊಲಿನಾ, ಹಳದಿ ಅಂದ್ರೆ ನಮ್ಮ ರೈಲ್ವೆಯಲ್ಲಿ ಹುಷಾರಾಗು, ಮುಂದೆ ನಿಲ್ಲಿಸ್ಬೇಕಾಗತ್ತೆ ಅಂತ. ನಿಮ್ಮೋರ ಡ್ರಮ್ ಕೇಳಿದ್ರೆ ಹಾಗೇ ಅನ್ಸತ್ತೆ."

ಡನ್‌ಕ್ರೇಗ್ ಬ್ಯಾಂಡು ಸಾಲಾಗಿ ನಡೆದು ಬಂತು. ಮುಂದೆ ಫಾರ್ಕರ್, ತೋಳಿನ ಕೆಳಗೆ ಪೈಪಿನ ಚೀಲ, ಅತ್ತಿತ್ತ ನೋಡದ ಮುಖ. ಎದುರಿನಿಂದ ಬರುವಾಗ ಏನೂ ಗೊತ್ತಾಗಲಿಲ್ಲ. ಎಫಿ ಕಪ್ಪು ಕನ್ನಡಕ ತೆಗೆದು, ಎಡಗಣ್ಣಿನ ಮೇಲೆ ಕೈಯಿಟ್ಟುಕೊಂಡಳು. ನುಡಿಸುತ್ತಲೇ ಅವರು ಮೈದಾನದ ನಡುವೆ ಸುತ್ತಿ ವೃತ್ತವಾದರು, ಒಬ್ಬೊಬ್ಬರ ಬೆನ್ನೂ ಹೊರಕ್ಕೆ ತಿರುಗಿತು.

ಹೊಸ ಕಿಲ್ಟುಗಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಅವುಗಳ ಹಸಿರು ಇನ್ನೂ ಮಾಸಿರಲಿಲ್ಲ. ಹತ್ತಿರದಲ್ಲಿ ಒಂದು: ಬಿಳಿ. ಅದರ ಆಚೆ ಒಬ್ಬ ಹುಡುಗಿಯದು: ಬಿಳಿ. ಡ್ರಮ್ ಬಾರಿಸುವವನದು ತಿರುಗುವವರೆಗೆ ಕಾಯಬೇಕಾಯಿತು. ತಿರುಗಿದ. ಬಿಳಿ. ನಾಲ್ಕನೆಯದು ವೃತ್ತದ ಆಚೆ ಬದಿಯಲ್ಲಿತ್ತು, ಮುಂಭಾಗವೇ ಕಾಣುತ್ತಿತ್ತು. ಉಟ್ಟವನು ಊರಿನ ಅಂಚೆಯವ ಡೂಗಲ್, ಆನೆಯಂಥ ಆಳು. ಅವನ ಅಳತೆ ಅವಳಿಗೆ ಮರೆಯುವಂಥದ್ದಲ್ಲ. ಅವಳು ಹೊಲಿದವುಗಳಲ್ಲಿ ಲೆಕ್ಕ ತಪ್ಪಿದ್ದ ಆ ಮೂರನೆಯ ಕಿಲ್ಟು ಅವನದೇ.

ಎಫಿ ಎದ್ದಳು. ಎಲ್ಲಿಗೆ ಎಂದ ವಾಟಿಗೆ ಉತ್ತರ ಕೊಡದೆ ಹಗ್ಗದ ಪಕ್ಕದಲ್ಲೇ, ಜನರ ಮೊಣಕಾಲುಗಳನ್ನು ದಾಟಿ, ಕ್ಷಮೆ ಕೇಳುತ್ತ, ಕೆಲವರಿಗೆ ಕ್ಷಮೆ ಕೇಳದೆಯೂ ಮೈದಾನದ ಅರ್ಧ ಸುತ್ತಿದಳು. ಮೆರವಣಿಗೆಯ ಧಾಟಿ ಮುಗಿದು ಕುಣಿತದ ವೇಗದ ಧಾಟಿ ಶುರುವಾಗಿತ್ತು. ಡೂಗಲ್ ಕಾಲಿನಲ್ಲಿ ತಾಳ ಹಾಕುತ್ತಿದ್ದ. ತಾಳಕ್ಕೆ ತಕ್ಕಂತೆ ಅವನ ಹಿಂದೆ ನೆರಿಗೆಗಳು ತೂಗುತ್ತಿದ್ದವು, ಪ್ರತಿ ನೆರಿಗೆಯ ನಡುವೆಯೂ ಬಿಳಿ ಗೆರೆ, ಸೊಂಟದಿಂದ ಮೊಣಕಾಲಿನವರೆಗೆ ನೆಟ್ಟಗೆ.

ಅಲ್ಲಿ ಕುರ್ಚಿ ಇರಲಿಲ್ಲ, ಹುಲ್ಲಿನ ಮೇಲೆಯೇ ಕೂತುಬಿಟ್ಟಳು. ನೆಲ ಒದ್ದೆಯಾಗಿತ್ತು. ಅದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಾಯಲ್ಲಿ ಡೊಲಿನಾಳ ಮಿಠಾಯಿ ಇನ್ನೂ ಇತ್ತು. ಈಗ ಅದು ಸಿಹಿ ಎನಿಸಿತು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು, ಹುಷಾರಿಲ್ಲವೇ ಎಂದು ಕೇಳಿದಳು. ಎಲ್ಲ ಹುಷಾರಾಗಿದೆ, ಅದಕ್ಕೇ ಕೂತೆ ಎಂದಳು ಎಫಿ.

ಬ್ಯಾಂಡು ಮೂರನೇ ಸ್ಥಾನ ಪಡೆಯಿತು. ಇನ್ಶ್‌ಮೋರ್‌ಗೆ ನಾಲ್ಕನೆಯದು. ಅಷ್ಟು ಸಾಕಿತ್ತು.

ನಿರಾಳವಾದ ಮೇಲೆಯೇ ಮೂರು ಅಂಗುಲದ ಮಾತು ಅವಳಿಗೆ ಮತ್ತೆ ನೆನಪಾದದ್ದು. ಡೇರೆಗೆ ಹೋದಳು. ಫಾರ್ಕರ್ ಅವಳ ಕೈ ಕುಲುಕಿ, "ಮಿಸೆಸ್ ಗೆಡ್ಡಿಸ್, ಬೆಳಿಗ್ಗೆ ಕಟ್ಟು ಬಿಚ್ಚಿದಾಗ ಹಳೇ ಕಿಲ್ಟ್‌ಗಳಿಗೇ ನಾಚಿಕೆ ಆಯ್ತು," ಎಂದ. ಅವಳು ಅವನನ್ನು ದಾಟಿ ಡೂಗಲ್‌ನ ಮುಂದೆ ನಿಂತು, ಎಡ ಸೊಂಟದ ಪಟ್ಟಿ ಸಡಿಲ ಮಾಡು, ಒಳಗಿನ ಒಂದು ಮಡಿಕೆ ನೋಡಬೇಕು ಎಂದಳು. ಡೂಗಲ್ ಎರಡು ಕೈಯಲ್ಲೂ ಕಿಲ್ಟನ್ನು ಹಿಡಿದುಕೊಂಡ.

"ಇಷ್ಟು ಜನರ ಮುಂದೆ ಬೇಡಿ ಮಿಸೆಸ್ ಗೆಡ್ಡಿಸ್. ಸೋಮವಾರ ಕಾಗದ ಹಂಚೋಕೆ ಇವರ ಮನೆಗಳಿಗೇ ಹೋಗ್ಬೇಕು ನಾನು."

"ನಿನ್ನ ನೋಡೋಕೆ ಬಂದಿಲ್ಲ ಕಣೋ. ನನ್ನ ಹೊಲಿಗೆ ನೋಡೋಕೆ ಬಂದಿದೀನಿ."

ಕೊನೆಗೆ ಡೇರೆಯ ಮೂಲೆಯಲ್ಲಿ, ಫಾರ್ಕರ್ ಮಳೆಕೋಟೊಂದನ್ನು ಅಡ್ಡ ಹಿಡಿದುಕೊಂಡು ಬೇರೆಡೆ ನೋಡುತ್ತ ನಿಂತಾಗ, ಎಫಿ ಆಳದ ಮಡಿಕೆಯನ್ನು ಬಿಡಿಸಿದಳು. ಕೈ ತಾಗದ ಆ ಒಳಭಾಗದಲ್ಲಿ ಸೀಮೆಸುಣ್ಣ ಅಳಿಸಿಹೋಗಿರಲಿಲ್ಲ. ಅವಳ ಕೈಯ ಸಣ್ಣ ಕತ್ತರಿ ಗುರುತು, ಮಸುಕಾಗಿ, ಒಂದು ಗೆರೆಯ ಮೇಲೆ. ಗೆರೆ ಹಳದಿಯದು. ನೆರಿಗೆ ಶುರುವಾದದ್ದು ಅಲ್ಲಿಂದಲ್ಲ, ಮೂರು ಅಂಗುಲ ಆಚೆಯ ಬಿಳಿಯಿಂದ.

ಅವಳು ಮಡಿಕೆಯನ್ನು ಮುಚ್ಚಿ, ಪಟ್ಟಿಯನ್ನು ತಾನೇ ಬಿಗಿದು, ಡೂಗಲ್‌ನ ಸೊಂಟ ತಟ್ಟಿ ಕಳಿಸಿದಳು.

ಗುರುತು ಹಾಕಿದವಳು ಅವಳು. ಗುಂಡುಸೂಜಿ ತಾನಾಗಿ ನಡೆಯುವುದಿಲ್ಲ. ಆ ಮನೆಯಲ್ಲಿ ಇರುವುದು ಇಬ್ಬರು, ಅವರಲ್ಲಿ ಒಬ್ಬನಿಗೆ ಮೇಜಿನ ಮೇಲಿನ ಬಟ್ಟೆ ಮುಟ್ಟುವ ಹಕ್ಕಿಲ್ಲ. ಮದುವೆಯಾದ ವಾರದಲ್ಲೇ ಮಾಡಿದ ಕಾನೂನು ಅದು; ವಾಟಿಯ ಕೈಯಲ್ಲಿ ಯಾವಾಗಲೂ ಸೈಕಲ್ಲಿನ ಎಣ್ಣೆ, ತಂಬಾಕಿನ ಪುಡಿ. ಹಿಂದಿನ ಚಳಿಗಾಲದಲ್ಲಿ ಮಾತ್ರ ಅವನು ಬೆಳಿಗ್ಗೆ ಬೆಳಿಗ್ಗೆಯೇ ಟಾರಿನ ವಾಸನೆಯ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದ. ಹಾಲು ಹಿಡಿದು ಬಾಗಿಲು ತೆಗೆದರೆ ಮನೆಯೆಲ್ಲ ಅದೇ ವಾಸನೆ. ಮುದುಕನಾದ ಮೇಲೆ ಸರ್ಜನ್ ಆಗಲು ಹೊರಟಿದ್ದೀಯಾ ಎಂದು ಅವಳು ಹಂಗಿಸಿದ್ದಳು. ಅವನು ನಕ್ಕಿದ್ದನಷ್ಟೆ.

ರೈಲ್ವೆಯವರು ಅವನ ಕಣ್ಣನ್ನು ಆಗಾಗ ಪರೀಕ್ಷೆ ಮಾಡುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಸಾಸಿವೆಯಷ್ಟು ಸಣ್ಣ ದೀಪ ತೋರಿಸಿ ಇದು ಬಿಳಿಯೋ ಹಳದಿಯೋ ಎಂದು ಕೇಳುವರು. ಒಮ್ಮೆಯೂ ಅವನು ತಪ್ಪಿರಲಿಲ್ಲ.

ಮನೆಯ ಕಡೆ ಇಬ್ಬರೂ ನಡೆದೇ ಹೊರಟರು. ಅವಳ ಲಂಗದ ಹಿಂಬದಿ ಇನ್ನೂ ಒದ್ದೆಯಾಗಿತ್ತು, ವಾಟಿ ಮಡಚಿದ ಕುರ್ಚಿಗಳನ್ನು ಹೆಗಲಿಗೆ ಹಾಕಿಕೊಂಡಿದ್ದ. ಸೇತುವೆಯ ಹತ್ತಿರ ಬಂದಾಗ ಎಫಿ ಹೇಳಿದಳು,

"ಮೂರನೇದರ ಗುಂಡುಸೂಜಿ ಸರಿಸಿದ್ದು ನೀನು."

ವಾಟಿ ಕುರ್ಚಿಗಳನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. "ಕೈ ತೊಳ್ಕೊಂಡೇ ಮುಟ್ಟಿದ್ದು," ಎಂದ.

"ಉಳಿದವು?"

"ದಿನಾ ನೋಡ್ತಿದ್ದೆ. ಉಳಿದ ಮೂರೂ ನೀನೇ ಸರಿಯಾಗಿ ಹಾಕಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅವತ್ತೇ ಕತ್ತರಿ ಕೆಳಗಿಟ್ಟು, ನನ್ನ ಕೆಲಸ ಮುಗೀತು ಅಂತ ಕೂತ್ಬಿಡ್ತಿದ್ದೆ. ನಿನ್ನ ನಾನು ನೋಡಿಲ್ವಾ? ಆಸ್ಪತ್ರೆ ಸರದಿ ಬರೋವರೆಗೆ ಹೇಗೋ ಗಾಡಿ ಓಡ್ಬೇಕಿತ್ತು. ನಿಲ್ಲಿಸೋ ಬದಲು ಹಳಿ ಬದಲಾಯಿಸ್ದೆ, ಅಷ್ಟೆ."

ಸೇತುವೆಯ ಕೆಳಗೆ ನೀರು ಕಡಿಮೆ ಇತ್ತು, ಕಲ್ಲುಗಳು ಕಾಣುತ್ತಿದ್ದವು. ಬಿಳಿ ಕಲ್ಲು, ಬೂದು ಕಲ್ಲು, ಪಾಚಿ ಹಿಡಿದದ್ದು. ಎಫಿ ಕಟ್ಟೆಗೆ ಒರಗಿ ನೋಡಿದಳು. ನಿನ್ನೆ ಸಂಜೆಯಿಂದ ಒಬ್ಬಳೇ ಹೊತ್ತುಕೊಂಡು ತಿರುಗಿದ್ದನ್ನು ಈಗ ಅವನಿಗೆ ಹೇಳಿದಳು: ತುಂಡುಬಟ್ಟೆ, ಬೆಣ್ಣೆಯ ಬಣ್ಣ, ಫಾರ್ಕರನ ಹೆಂಡತಿ, ನಿದ್ದೆ ಬಾರದ ರಾತ್ರಿ. ವಾಟಿ ಕೇಳುತ್ತ ಹೋದಂತೆ ಅವನ ಹೆಗಲು ಕುಲುಕತೊಡಗಿತು. ಅವನು ನಗುತ್ತಿದ್ದಾನೆಂದು ತಿಳಿಯಲು ಒಳ್ಳೆಯ ಕಣ್ಣೇನೂ ಬೇಕಿರಲಿಲ್ಲ.

"ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲೇ ಮಾರಾಯ್ತಿ," ಎಂದ.

"ಕೇಳಿದ್ರೆ ನೀನು ಹೇಳಿದ್ದೇ ಸರಿ ಅಂತ ಒಪ್ಕೊಳ್ಬೇಕಾಗ್ತಿತ್ತು."

"ಈಗ?"

"ಈಗಲೂ ಒಪ್ಪಿಲ್ಲ," ಎಂದು ಅವಳು ಅವನ ಹೆಗಲಿನಿಂದ ಒಂದು ಕುರ್ಚಿಯನ್ನು ಇಳಿಸಿ ತಾನು ಹಿಡಿದುಕೊಂಡಳು. ತನಗೂ ನಗು ಬಂತು. ಹಿಂದೆ ಬರುತ್ತಿದ್ದ ಡೊಲಿನಾ, ಮೂರನೇ ಸ್ಥಾನಕ್ಕೇ ಇಷ್ಟು ನಗುವುದಾದರೆ ಮೊದಲನೆಯದು ಬಂದಿದ್ದರೆ ಏನು ಗತಿ ಎಂದು ಕೂಗಿ ಕೇಳಿದಳು.

ಸೋಮವಾರ ಹೊಸ ಕೆಲಸ ಬಂತು, ಪರ್ತ್‌ನ ಒಬ್ಬ ಮದುಮಗನ ಕಿಲ್ಟು. ಸಂಜೆ ಚಹಾ ಆದ ಮೇಲೆ ಎಫಿ ಮೇಜಿನ ಮೇಲೆ ಬಟ್ಟೆ ಹಾಸಿ, ಅಳತೆ ಹಿಡಿದು, ಬಲಗಣ್ಣಿನಿಂದ ಚೆನ್ನಾಗಿ ನೋಡಿ ಮೊದಲ ಗುಂಡುಸೂಜಿ ಚುಚ್ಚಿದಳು. ಬೇಕಾದ ಗೆರೆಗೇ ಬಿದ್ದಿತ್ತು. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು, ಹಾಲು ತರುತ್ತೇನೆ ಎಂದು ಬಾಗಿಲು ತೆಗೆದಳು. ಒಂದು ಬಾಟಲಿ ತುಂಬ ಹಾಲು ಮನೆಯಲ್ಲಿತ್ತು. ಅದು ವಾಟಿಗೂ ಗೊತ್ತಿತ್ತು. ಅವನು ಪತ್ರಿಕೆ ಕೆಳಗಿಟ್ಟು ಎದ್ದ. ಅವಳು ಗೇಟು ದಾಟುವಾಗ ಹಿಂದೆ, ಅಡುಗೆಮನೆಯಲ್ಲಿ, ನಲ್ಲಿಯ ನೀರು ಬಿಟ್ಟ ಸದ್ದು ಕೇಳಿಸಿತು.